ಕೆಮ್ಮಿನ ಗುರುತು ಹಿಡಿಯುತ್ತಿದ್ದ ಹಾಲಮ್ಮ

ಮಣಕ್ಕೆ ಆರು ಆಣೆ ಉಳಿಸಲು ಹೋಗಿ ನಾನು ತೆತ್ತದ್ದು ಇಷ್ಟು: ಎರಡು ವಾರ ಮುಚ್ಚಿದ ಅಂಗಡಿ, ಬೆವತು ನೀರಾದ ಒಂದು ಗಾಡಿ ಬೆಲ್ಲ, ಕುದಿಸಿದ್ದರಿಂದ ಕೂಸಿನ ದುಪಟಿಯಷ್ಟಕ್ಕೆ ಕುಗ್ಗಿದ ಹೊಸ ಕಂಬಳಿ, ಮತ್ತು ಚೌಕಾಶಿಯಲ್ಲಿ ನನ್ನನ್ನು ಸೋಲಿಸುವವರು ಶಿಕಾರಿಪುರದಲ್ಲಿಲ್ಲ ಎಂಬ ಹೆಸರು. ಈ ಕೊನೆಯದನ್ನು ಕಿತ್ತುಕೊಂಡವಳು ಸೂಲಗಿತ್ತಿ ಹಾಲಮ್ಮ. ಬೆಲ್ಲ ಹೋದದ್ದಕ್ಕೆ ನನಗೆ ಈಗ ಬೇಸರವಿಲ್ಲ. ಹೆಸರು ಹೋದದ್ದಕ್ಕೆ ಸ್ವಲ್ಪ ಇದೆ.

ಹಾಲಮ್ಮನಿಗೆ ಆಗಲೇ ಅರವತ್ತು ದಾಟಿತ್ತು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬೆಕ್ಕಿನದು. ಅವಳು ಮನುಷ್ಯರನ್ನು ಕೆಮ್ಮಿನ ಮೇಲೆ ಗುರುತು ಹಿಡಿಯುತ್ತಿದ್ದಳು. ನಮ್ಮ ಕೇರಿಯಲ್ಲಿ ಕೋಲೂರಿಕೊಂಡು ಬರುವಾಗ ಗೋಡೆಯಾಚೆ ಯಾರಾದರೂ ಕೆಮ್ಮಿದರೆ ನಿಂತುಬಿಡುವಳು. "ಮೇಷ್ಟ್ರು ಮತ್ತೆ ಬೀಡಿ ಹಚ್ಯಾರ" ಎನ್ನುವಳು. ಮತ್ತೊಂದು ಮನೆಯ ಮುಂದೆ, "ಇದು ಸೊಸಿ ಮ್ಯಾಲಿನ ಸಿಟ್ಟಿನ ಕೆಮ್ಮು, ಔಷಧ ಬ್ಯಾಡ" ಎಂದು ಮುಂದೆ ನಡೆಯುವಳು. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮನ್ಯಾಗೆ ಯಾರು ಕೆಮ್ಮಿದ್ರಿ?" ಉತ್ತರ ಬರುವ ತನಕ ಒಳಗೆ ಕಾಲಿಡುತ್ತಿರಲಿಲ್ಲ. ಇದು ಅಜ್ಜಿಯ ಹುಚ್ಚು ಎಂದು ನಾವೆಲ್ಲ ನಗುತ್ತಿದ್ದೆವು.

ಐವತ್ತೇಳನೇ ಇಸವಿ, ಮಳೆ ಹಿಡಿಯುವ ಹೊತ್ತು. ಊರೂರಲ್ಲಿ 'ಫ್ಲೂ' ಎಂಬ ಹೊಸ ಜ್ವರದ ಮಾತು. ನಮ್ಮ ಮೊದಲೆರಡು ಮಕ್ಕಳು ನನ್ನ ಹೆಂಡತಿ ಗಿರಿಜೆಯ ತವರಿನಲ್ಲಿ ಹುಟ್ಟಿದ್ದವು. ಮೂರನೆಯದು ನಮ್ಮ ಮನೆಯಲ್ಲೇ ಹುಟ್ಟಿ ಆರು ದಿನವಾಗಿತ್ತು. ಹೆಣ್ಣುಕೂಸು, ಅಂಗೈ ಮೇಲೆ ಮಲಗಿಸಬಹುದಾದಷ್ಟು ಸಣ್ಣದು. ತಾಯಿ ಮಗು ನಡುಮನೆಯ ಪಕ್ಕದ ಬಾಣಂತಿ ಕೋಣೆಯಲ್ಲಿದ್ದರು. ಹಾಲಮ್ಮ ದಿನಾ ಬೆಳಿಗ್ಗೆ ಬಂದು ಇಬ್ಬರಿಗೂ ನೀರು ಹಾಕಿ ಹೋಗುತ್ತಿದ್ದಳು. ಅವಳಿಗೆ ಮೂರು ವಾರದ ಹಿಂದೆಯೇ ಆ ಜ್ವರ ಬಂದು ವಾಸಿಯಾಗಿತ್ತು.

ನಾನು ಅವತ್ತು ಆನವಟ್ಟಿ ಸಂತೆಗೆ ಹೋದೆ. ಮಳೆ ಬಂದರೆ ಬೆಲ್ಲ ಬೆವರುತ್ತದೆ, ದಾಸ್ತಾನು ಇಟ್ಟುಕೊಂಡವನಿಗೆ ಮಾರಿ ಮುಗಿಸುವ ಅವಸರ. ಕೊಳ್ಳುವವನಿಗೆ ಅದೇ ಸುಗ್ಗಿ. ನಯಾಪೈಸೆ ಬಂದಿದ್ದರೂ ಸಂತೆ ಇನ್ನೂ ಆಣೆಯಲ್ಲೇ ಮಾತಾಡುತ್ತಿತ್ತು. ಮಾತಾಡುತ್ತಿತ್ತು ಎಂದರೆ ಬಾಯಲ್ಲಿ ಅಲ್ಲ. ಇಬ್ಬರೂ ಒಂದೇ ಟವಲಿನ ಕೆಳಗೆ ಕೈ ಇಟ್ಟು, ಬೆರಳು ಹಿಡಿದು, ಮುಖಕ್ಕೆ ಮುಖ ಕೊಟ್ಟು ಕೂತು ಬೆಲೆ ಮುಗಿಸಬೇಕು. ಸುತ್ತ ನಿಂತವರಿಗೆ ಗುಟ್ಟು ತಿಳಿಯಬಾರದು. ನಾನು ಸಂತೆಯೆಲ್ಲ ಸುತ್ತಿ, ಮೂಗು ಸುರಿಸುತ್ತ ಕಂಬಳಿ ಹೊದ್ದು ಕೂತಿದ್ದ ಬೆಲ್ಲ ಮಾರುವವನೊಬ್ಬನನ್ನು ಹುಡುಕಿ ಅವನೆದುರು ಕೂತೆ. ಜ್ವರದವನಿಗೆ ಬೇಗ ಮನೆ ಸೇರಿದರೆ ಸಾಕಾಗಿರುತ್ತದೆ, ಹಟ ಮಾಡುವುದಿಲ್ಲ ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಅವನು ಸೀನಿದಾಗಲೆಲ್ಲ ನಾನು ಅವನ ಒಂದು ಬೆರಳು ಮಡಚಿದೆ. ಆರು ಸಲ ಸೀನಿದ, ಆರು ಆಣೆ ಇಳಿದ. ಅವನು ನನ್ನ ಗಾಡಿಗೆ ಏರಿಸಿದ್ದು ಬೆಲ್ಲವೊಂದೇ ಅಲ್ಲ ಎಂಬುದು ನನಗೆ ಎರಡು ದಿನದ ಮೇಲೆ ಗೊತ್ತಾಯಿತು.

ಮೊದಲು ಗಂಟಲು ಕೆರೆಯಿತು. ಆಮೇಲೆ ಮೈಯ ಒಂದೊಂದು ಕೀಲೂ ಬೇರೆಬೇರೆಯಾಗಿ ನೋಯತೊಡಗಿತು. ಮಾರನೆಯ ಬೆಳಿಗ್ಗೆ ನನ್ನ ಮಗ್ಗುಲಲ್ಲಿ ಮಲಗುತ್ತಿದ್ದ ಇಬ್ಬರು ಮಕ್ಕಳಲ್ಲಿ ದೊಡ್ಡವಳು ಕೆಮ್ಮಿದಳು. ಹಬೆ ತೆಗೆದುಕೊಂಡರೆ ಬಿಡುತ್ತದೆ ಎಂದು ಅವ್ವ ಹೇಳಿದಳು. ಹಬೆ ಎಂದರೆ ನೀರು, ಸೌದೆ, ನೀಲಗಿರಿ ಎಣ್ಣೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರೆ ಕಾಸುತ್ತ ಕೂತರೆ ಆಗುವ ಮಾತೇ? ನಾನು ಅಂಗಳದ ನಡುವೆ ಒಂದು ಹಂಡೆ ಕುದಿನೀರು ಇಡಿಸಿ, ಅದಕ್ಕೆ ನೀಲಗಿರಿ ಹಾಕಿ, ಹೊಸ ದೊಡ್ಡ ಕಂಬಳಿ ತಂದು, ನಾನು, ಅಪ್ಪ, ಅವ್ವ, ಎರಡು ಮಕ್ಕಳು, ಐದೂ ಜನ ಒಂದೇ ಕಂಬಳಿಯೊಳಗೆ ತಲೆ ತೂರಿಸುವಂತೆ ಮಾಡಿದೆ. ಒಂದೇ ಖರ್ಚಿನಲ್ಲಿ ಐವರ ಚಿಕಿತ್ಸೆ. ಒಳಗೆ ಕತ್ತಲು, ಬಿಸಿ, ಒಬ್ಬರ ಉಸಿರು ಇನ್ನೊಬ್ಬರ ಮೂಗಿಗೆ. ನನಗಂತೂ ಬಹಳ ಹೆಮ್ಮೆಯಾಗಿತ್ತು.

ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು ಕೇಳಿತು.

"ಇದೇನ್ರೀ, ಅಂಗಳದಾಗೆ ಐದು ಡುಬ್ಬದ ಒಂಟಿ ಕಟ್ಟೀರಿ?"

ಕಂಬಳಿಯೊಳಗಿಂದಲೇ ನಾನು, "ಹಬೆ ತಗೊಳ್ತಾ ಇದೀವಿ ಅಜ್ಜಿ, ಎಲ್ಲರಿಗೂ ಒಟ್ಟಿಗೆ ಆಗ್ಲಿ ಅಂತ" ಎಂದೆ.

"ಸುಮ್ನಿರ್ರಿ, ಮಾತಾಡಬ್ಯಾಡ್ರಿ." ಒಂದು ನಿಮಿಷ ಕಿವಿಗೊಟ್ಟಳು. "ಒಂದು ಸಾವ್ಕಾರ್ರು. ಒಂದು ದೊಡ್ಡ ಹುಡುಗಿ. ಇಬ್ರು ಕೆಮ್ಮಾಕತ್ತೀರಿ. ಎರಡು ದಿನ ತಡೀರಿ, ಐದೂ ಆಗ್ತಾವ. ಎಲ್ಲರಿಗೂ ಒಟ್ಟಿಗೆ ಆಗ್ಲಿ ಅಂದ್ರಲ್ಲ, ಹಂಗೇ ಆಗ್ತೈತಿ."

ಕೋಲಿನ ತುದಿಯಿಂದ ಕಂಬಳಿಯನ್ನು ಎತ್ತಿ ಎಸೆದಳು. ನಾವು ಐವರೂ ಬೆಂದ ಗೆಣಸಿನ ಹಾಗೆ ಕೆಂಪಗೆ, ಒದ್ದೆಯಾಗಿ ಕೂತಿದ್ದೆವು. ಅವಳ ಕಣ್ಣು ನೇರವಾಗಿ ಅವ್ವನ ಮೇಲೆ ಹೋಯಿತು. ಬಾಣಂತಿ ಕೋಣೆಗೆ ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿದ್ದವಳು ಅವ್ವ ಒಬ್ಬಳೇ.

"ಗೌಡ್ತಿ, ಇವತ್ತು ಕೂಸು ಎತ್ತಿಕೊಂಡ್ರೇನು?"

"ಮುಂಜಾನೆ ಎತ್ತಿಕೊಂಡಿದ್ದೆ. ಹಬೆ ಆದ ಮ್ಯಾಲೆ ಹೋಗ್ಬೇಕು ಅಂತಿದ್ದೆ."

"ಇನ್ನ ಮ್ಯಾಲೆ ಹೋಗಬ್ಯಾಡ್ರಿ."

ಅಷ್ಟು ಹೊತ್ತು ನಗೆಯಲ್ಲಿದ್ದ ಅವಳ ದನಿ ಅಲ್ಲಿಗೆ ಬದಲಾಯಿತು. ಜಗಲಿಯ ತುದಿಯಲ್ಲಿ ದೂರ ಕೂತು ನನ್ನನ್ನು ಕೇಳತೊಡಗಿದಳು. ಮೊದಲು ಯಾರಿಗೆ ಬಂತು, ಎಲ್ಲಿ ಹೋಗಿದ್ದಿರಿ, ಎದುರು ಕೂತವನು ಹೇಗಿದ್ದ, ನಿಮ್ಮ ಮಗ್ಗುಲಲ್ಲಿ ಯಾರು ಮಲಗಿದ್ದರು. ಸಂತೆಯ ಆರು ಸೀನಿನ ಕತೆಯನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವಳು ನಗಲಿಲ್ಲ.

"ನಾನು ಈ ತಿಂಗಳಾಗೆ ಎಷ್ಟೋ ಮನಿ ನೋಡಿದೆ ಸಾವ್ಕಾರ್ರೆ. ಜನ ಅಂತಾರ, ಜ್ವರ ಮೋಡದಾಗಿಂದ ಬರ್ತೈತಿ ಅಂತ. ಇಲ್ಲ. ಚಾಪಿಯಿಂದ ಚಾಪಿಗೆ ಹೋಗ್ತೈತಿ. ಒಬ್ಬರು ಹೊರಗಿಂದ ತರ್ತಾರ, ಮನಿಯವರು ಹಂಚಿಕೊಳ್ತಾರ. ದೊಡ್ಡೋರಿಗೆ ನಾಕು ದಿನದ ಸಂಕಟ. ಒಂಬತ್ತು ದಿನದ ಕೂಸಿಗೆ ಹಂಗಲ್ಲ."

ಅಪ್ಪ ನಡುವೆ ಬಾಯಿ ಹಾಕಿದರು. "ನನಗೇನೂ ಆಗಲ್ಲ ಬಿಡು ಹಾಲಮ್ಮ. ಹದಿನೆಂಟನೇ ಇಸವಿಯಾಗೆ ಊರೆಲ್ಲ ಮಲಗಿಸಿದ ದೊಡ್ಡ ಜ್ವರಾನೇ ನನಗೆ ಬಂದು ಹೋಗೈತಿ. ಇದು ಯಾವ ಲೆಕ್ಕ?"

"ಅದಕ್ಕೆ ನಿಮ್ಮ ಪರಿಚಯ ಐತಿ ಗೌಡ್ರೆ. ಇದಕ್ಕಿಲ್ಲ. ಇದು ಅದರ ತಮ್ಮ, ಮುಖ ಬ್ಯಾರೆ. ನಿಮ್ಮನ್ನ ಹೊಸದಾಗಿ ಮಾತಾಡಿಸ್ತೈತಿ."

ಎರಡು ದಿನದ ಮೇಲೆ ಅದು ಅಪ್ಪನನ್ನು ಚೆನ್ನಾಗಿಯೇ ಮಾತಾಡಿಸಿತು.

ಹಾಲಮ್ಮ ಷರತ್ತು ಹೇಳಿದಳು. ತಾನು ಇನ್ನು ಮನೆಗೆ ಹೋಗುವುದಿಲ್ಲ, ಬಾಣಂತಿಯ ಜೊತೆ ಕೋಣೆಯಲ್ಲೇ ಇರುತ್ತೇನೆ. ಊಟ, ನೀರು ಹೊಸ್ತಿಲಲ್ಲಿಟ್ಟು ದೂರ ಸರಿಯಬೇಕು. ಬಾಗಿಲು ತೆಗೆಯುವುದು, ಹಾಕುವುದು ಅವಳ ಕೈಯಲ್ಲಿ. ಹದಿನೈದು ದಿನ.

ನನ್ನ ವ್ಯಾಪಾರದ ಬುದ್ಧಿ ಜ್ವರದಲ್ಲೂ ಎದ್ದು ಕೂತಿತು. "ಹದಿನೈದು ಬಹಳಾಯ್ತು ಅಜ್ಜಿ. ಐದು ಮಾಡು."

"ಹದಿಮೂರು."

"ಏಳು. ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ."

"ಹನ್ನೊಂದು. ಅದ್ರ ಕೆಳಗೆ ಇಳಿಯಂಗಿಲ್ಲ."

"ಹತ್ತು. ಮುಗೀತು" ಎಂದು ನಾನು ತೊಡೆ ತಟ್ಟಿದೆ.

"ಮುಗೀತು" ಎಂದು ಅವಳು ಕೋಲೂರಿ ಎದ್ದಳು. "ನಂಗೆ ಬೇಕಾಗಿದ್ದೂ ಹತ್ತೇ. ಹತ್ತು ಅಂದಿದ್ರೆ ನೀವು ನಾಕಕ್ಕೆ ಎಳೀತಿದ್ರಿ."

ಆ ಹತ್ತು ದಿನ ನಮ್ಮ ಮನೆಯ ಸರ್ಕಾರ ಬಾಣಂತಿ ಕೋಣೆಯಿಂದ ನಡೆಯಿತು. ಸ್ನಾನ ಮಾಡಿ, ಸೀರೆ ಬದಲಿಸಿ, ಸೆರಗನ್ನು ಮೂಗಿಗೆ ಬಿಗಿದು ಒಳಹೊಕ್ಕವಳು ಮೊದಲು ಮಾಡಿದ ಕೆಲಸ ಹಿತ್ತಿಲ ಕಡೆಯ ಕಿಟಕಿ ತೆಗೆದದ್ದು. ಅವ್ವ ಹೌಹಾರಿದಳು. "ಬಾಣಂತಿಗೆ ಗಾಳಿ ತಾಗಿಸ್ತಾಳಲ್ಲೋ ಬಸಣ್ಣ, ಸನ್ನಿ ಹಿಡಿದ್ರೆ ಏನ್ ಗತಿ!" ಒಳಗಿಂದ ಉತ್ತರ ಬಂತು: "ಸೊಸಿಗೆ ಎರಡು ದುಪಟಿ ಹೊದಿಸೀನಿ. ಹಾಳು ಗಾಳಿ ಕಿಟಕಿಯಾಗಿಂದ ಬರಂಗಿಲ್ಲ ಗೌಡ್ತಿ, ಮೂಗಿನಾಗಿಂದ ಬರ್ತೈತಿ." ಕಂಬಳಿಯನ್ನು ಕುದಿಸಿ ಬಿಸಿಲಿಗೆ ಹಾಕಲು ಅಪ್ಪಣೆಯಾಯಿತು. ಉಣ್ಣೆಯನ್ನು ಕುದಿಸಬಾರದೆಂದು ಸೂಲಗಿತ್ತಿಗೆ ಗೊತ್ತಿರಲಿಲ್ಲ, ಬೆಲ್ಲದವನಿಗೂ ಗೊತ್ತಿರಲಿಲ್ಲ.

ಅಪ್ಪನದು ಇನ್ನೊಂದು ತಾಪತ್ರಯ. ಆಗಿನ ಗಂಡಸರು ಒಳಗೆ ಹೆಂಗಸರಿದ್ದಾರೆಂದರೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಬರುತ್ತಿದ್ದೇನೆ, ಸೆರಗು ಸರಿ ಮಾಡಿಕೊಳ್ಳಿ ಎಂಬ ಸೂಚನೆ ಅದು. ಅಪ್ಪ ಹಾಗೆ ಕೆಮ್ಮಿದಾಗಲೆಲ್ಲ ಕೋಣೆಯೊಳಗಿಂದ ಹಾಲಮ್ಮ, "ಯಾರದು? ಜ್ವರದ್ದೋ, ಮರ್ಯಾದೀದೋ?" ಎಂದು ಕೂಗುವಳು. ಮೂರನೇ ಸಲಕ್ಕೆ ಎತ್ತಿನ ಕೊರಳ ಗಂಟೆ ತರಿಸಿ ಅಪ್ಪನ ಕೈಗೆ ಕೊಡಿಸಿದಳು. ಊರಿನಲ್ಲಿ ಪಂಚಾಯಿತಿ ಮಾಡುತ್ತಿದ್ದ ಮನುಷ್ಯ ತನ್ನ ಮನೆಯೊಳಗೆ ಗಂಟೆ ಅಲ್ಲಾಡಿಸಿಕೊಂಡು ಓಡಾಡಬೇಕಾಯಿತು. ಮಕ್ಕಳು ಜ್ವರದಲ್ಲೂ ನಕ್ಕದ್ದು ಅದೊಂದಕ್ಕೇ.

ಕೂಸು ಹುಟ್ಟಿದ ಹನ್ನೊಂದನೇ ದಿನಕ್ಕೆ ನನ್ನ ಅಕ್ಕ ಶಾಂತಕ್ಕ ಸೊರಬದಿಂದ ಬಸ್ಸಿನಲ್ಲಿ ಬಂದಿಳಿದಳು. ಹದಿಮೂರಕ್ಕೆ ಹೆಸರಿಡುವುದು ಗೊತ್ತಾಗಿತ್ತು. ನಮ್ಮಲ್ಲಿ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿದಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಕ್ಕನಿಗೆ ಸ್ವಂತ ಮಕ್ಕಳಿರಲಿಲ್ಲ. ಹೆಣ್ಣೇ ಹುಟ್ಟುತ್ತದೆಂದು ನಂಬಿ ಈ ಕೂಸಿನ ಹೆಸರನ್ನು ಅವಳು ಏಳು ತಿಂಗಳ ಹಿಂದೆಯೇ ಆರಿಸಿಟ್ಟುಕೊಂಡಿದ್ದಳು. ಬಂದ ಎರಡು ದಿನವೂ ನಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಗಂಜಿ ಕುಡಿಸುತ್ತ, ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದ ಅವ್ವನ ಮಗ್ಗುಲಲ್ಲೇ ಮಲಗಿದಳು.

ಹನ್ನೆರಡನೇ ದಿನ ಬೆಳಿಗ್ಗೆ ಕೋಣೆಯೊಳಗೆ ಕೂಸು ಸೀನಿತು.

ಒಂದೇ ಸಲ. ಗುಬ್ಬಿ ಕೊಡವಿದಷ್ಟು ಸದ್ದು. ನಡುಮನೆಯಲ್ಲಿ ನಾವೆಲ್ಲ ಕೆಮ್ಮುವುದನ್ನು ಮರೆತೆವು. ನಾನು ಎದ್ದು ಹೋಗಿ ಬಾಗಿಲಿನ ಮುಂದೆ ನಿಂತೆ. ಸಂತೆಯಲ್ಲಿ ಆರು ಸಲ ಮಡಚಿದ್ದ ಆ ಬೆರಳುಗಳು ನೆನಪಾದವು.

"ಗಿರಿಜಾ?" ಎಂದೆ.

ಉತ್ತರ ಕೊಟ್ಟವಳು ಹಾಲಮ್ಮ: "ಸಾಂಬ್ರಾಣಿ ಹೊಗಿಗೆ ಸೀನೈತಿ. ಹೋಗಿ ಮಲಕ್ಕೊಳ್ರಿ." ಹಾಗೆಂದವಳು ಆಮೇಲೆ ದಿನವಿಡೀ ಯಾರನ್ನೂ ಬೈಯಲಿಲ್ಲ, ಅಪ್ಪನ ಗಂಟೆಗೂ ಮಾತಾಡಲಿಲ್ಲ. ಅದರಿಂದಲೇ ನನಗೆ ಅವಳ ಭಯ ತಿಳಿಯಿತು. ಸಂಜೆ, "ಕೂಸು ಹಾಲು ಕುಡೀತು, ಮೈ ತಣ್ಣಗೈತಿ" ಎಂದು ಅವಳು ಕೂಗಿದಾಗ ಅಪ್ಪ ಸುಮ್ಮಸುಮ್ಮನೆ ಗಂಟೆ ಬಾರಿಸಿದರು.

ಮಾರನೆಯ ದಿನ ಅಕ್ಕ ರೇಷ್ಮೆ ಸೀರೆ ಉಟ್ಟು ಕೋಣೆಯ ಬಾಗಿಲಿಗೆ ಬಂದಳು. ಬಾಗಿಲು ತೆಗೆಯಲಿಲ್ಲ.

"ನಂಗೆ ಜ್ವರ ಇಲ್ಲ, ಕೆಮ್ಮಿಲ್ಲ. ಬೇಕಾದ್ರೆ ಹಣೆ ಮುಟ್ಟಿ ನೋಡು ಮಾರಾಯ್ತಿ!" ಎಂದಳು ಅಕ್ಕ.

"ಇವತ್ತಿಲ್ಲ. ಎರಡು ರಾತ್ರಿ ಈ ಮನ್ಯಾಗೆ ಮಲಗೀಯವ್ವ. ನಾಳೆ ಏನೈತೋ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

"ತಮ್ಮಾ, ಕೇಳ್ಸ್ಕೊಂಡ್ಯೇನೋ? ಸೋದರತ್ತೆನ್ನ ಬಾಗ್ಲಲ್ಲಿ ನಿಲ್ಸಿದಾಳೆ! ಯಾರ ಮನೆ ಇದು, ನಿಂದೋ ಅವಳದೋ?"

ಇನ್ನೂ ಆರು ದಿನಕ್ಕೆ ಅವಳದ್ದು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಮಲಗಿದ್ದಲ್ಲಿಂದಲೇ ಅವ್ವ ಒಂದು ಉಪಾಯ ಹೇಳಿದಳು: ಒಲೆ ಊದುವ ಕೊಳವೆಯನ್ನು ಬಾಗಿಲ ಸಂದಿಯಲ್ಲಿಟ್ಟು ಅದರೊಳಗಿಂದ ಹೆಸರು ಹೇಳಲಿ. ಒಳಗೆ ಹಾಲಮ್ಮ ಹಣೆ ಚಚ್ಚಿಕೊಂಡದ್ದು ನಮಗೆ ಕೇಳಿಸಿತು.

"ಊದುಗೊಳವಿ ಇರೋದು ಯಾಕ್ರೀ ಗೌಡ್ತಿ? ಉಸಿರು ಅತ್ತಿತ್ತ ಹೋಗದೆ ನೆಟ್ಟಗೆ ಕೆಂಡಕ್ಕೆ ತಾಗ್ಲಿ ಅಂತ! ಇದ್ದಬದ್ದ ಉಸಿರೆಲ್ಲ ಕೂಸಿನ ಮುಖಕ್ಕೆ ಹೊಡಿಯೋ ವಿಚಾರ ಮಾಡೀರಲ್ಲ!" ಆಮೇಲೆ ಅವಳೇ ಹೇಳಿದಳು, "ಶಾಂತವ್ವ, ಹೆಸರು ಕೂಸಿನ ಕಿವಿಗೆ ಬೀಳಬೇಕು, ಅಷ್ಟೇ ತಾನೆ? ಹಿತ್ತಿಲಿಗೆ ಹೋಗು. ನುಗ್ಗಿಮರದ ಕೆಳಗೆ ನಿಂತುಕೊಂಡು ಕಿಟಕಿ ಕಡೆ ಕೂಗು. ಕೂಸಿನ ಬಲಗಿವಿ ನಾನು ಆ ಕಡೆ ಹಿಡೀತೀನಿ. ಗುದ್ದೋರೂ ಅಲ್ಲೇ ಬರ್ಲಿ. ಬೈಲಾಗೆ ಗಾಳಿ ಆಡ್ತೈತಿ."

ಅಕ್ಕ ಅತ್ತಳು, ಬೈದಳು, ಆಮೇಲೆ ಹಿತ್ತಿಲಿಗೆ ಹೋದಳು. ನುಗ್ಗೆಮರದಿಂದ ಕಿಟಕಿಗೆ ಹತ್ತು ಹೆಜ್ಜೆ. ಸಿಟ್ಟು, ದುಃಖ, ಏಳು ತಿಂಗಳ ಆಸೆ ಎಲ್ಲ ಸೇರಿ ಅವಳ ಗಂಟಲಿನಿಂದ ಬಂದ 'ಕುರ್ರ್' ಎಂಬ ಸದ್ದಿಗೆ ಪಕ್ಕದ ಮನೆಯ ಕೋಳಿಗಳು ಬೇಲಿ ಹಾರಿದವು. "ಸರ್ವಮಂಗಳಾ!" ಎಂದು ಮೂರು ಸಲ ಕೂಗಿದಳು. ಕೇರಿಯ ಹೆಂಗಸರು ಅವಳ ಬೆನ್ನಿಗೆ ಗುದ್ದಿದ ಗುದ್ದು ಒಳಗೆ ಮಲಗಿದ್ದ ನನಗೂ ಕೇಳಿಸಿತು. ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಗಾಡಿ ನಿಲ್ಲಿಸಿ, ಏನಾಯಿತೆಂದು ವಿಚಾರಿಸಿ, ಸಕ್ಕರೆ ಈಸಿಕೊಂಡು ಹೋದ. ಅಷ್ಟು ದೊಡ್ಡದಾಗಿ ಹೆಸರಿಡಿಸಿಕೊಂಡ ಮಗು ಶಿಕಾರಿಪುರದಲ್ಲಿ ಇನ್ನೊಂದಿಲ್ಲ. ಕೂಸು ನಿದ್ದೆಯಿಂದ ಏಳಲಿಲ್ಲವಂತೆ.

ಹದಿನೈದನೇ ದಿನ ಅಕ್ಕನಿಗೆ ಜ್ವರ ಬಂತು. ಚೆನ್ನಾಗಿಯೇ ಬಂತು. ನಡುಗುತ್ತ ಕಂಬಳಿ ಕೇಳಿದಾಗ ಇದ್ದ ಒಂದು ಹೊಸ ಕಂಬಳಿ ಅವಳ ಮೊಣಕಾಲಿಗೂ ಮುಟ್ಟಲಿಲ್ಲ. ಹಾಲಮ್ಮ ಕೋಣೆಯೊಳಗಿಂದ ಕಷಾಯದ ಹದ ಕೂಗಿ ಹೇಳಿದಳೇ ಹೊರತು, ನಾನು ಹೇಳಿರಲಿಲ್ಲವೇ ಎಂಬ ಮಾತನ್ನು ಆಗಲೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ನಾನಾಗಿದ್ದರೆ ದಿನಕ್ಕೆ ಮೂರು ಸಲ ಆಡುತ್ತಿದ್ದೆ. ಹತ್ತೊಂಬತ್ತನೇ ದಿನ ಮಾತಿನ ಪ್ರಕಾರ ಬಾಗಿಲು ತೆಗೆಯಬೇಕಿತ್ತು. ಅಕ್ಕನ ಕೆಮ್ಮು ಇನ್ನೂ ನಿಂತಿಲ್ಲವೆಂದು ಹಾಲಮ್ಮ ಮತ್ತೆ ನಾಲ್ಕು ದಿನ ಕೇಳಿದಳು. ನಾನು ಐದು ಕೊಟ್ಟೆ. ಜೀವನದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟದ್ದು ಅದೊಂದೇ ಸಲ. ಬಾಗಿಲು ತೆಗೆದ ದಿನ ಕೂಸು ತೂಕ ಬಂದಿತ್ತು. ಗಿರಿಜೆ ನನ್ನನ್ನು ನೋಡಿ, "ನೀವೇ ಇಳಿದುಹೋಗೀರಲ್ಲ" ಎಂದಳು.

ಹಾಲಮ್ಮನನ್ನು ನಾನು ಕೊನೆಗೆ ಕಂಡದ್ದು ಏಳೆಂಟು ವರ್ಷದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ. ಕಣ್ಣು ಪೂರ್ತಿ ಹೋಗಿತ್ತು. ಬಳ್ಳಿಗಾವಿಯಲ್ಲಿದ್ದ ಮಗಳ ಮನೆಗೆ, ಇನ್ನು ಅಲ್ಲೇ ಇರುವುದೆಂದು ಹೊರಟಿದ್ದಳು. ಬಸ್ಸು ಹತ್ತಿಸಲು ನಾನು ಹೋಗಿದ್ದೆ. ಜಡಿಮಳೆ. ಮೊದಲ ಬಸ್ಸು ಬಂತು. "ಕಿಟಕಿ ಹಾಕ್ಯಾರೇನು?" ಎಂದು ಕೇಳಿದಳು. ಹಾಕಿದ್ದರು, ಒಳಗೆ ಜನ ಕಿಕ್ಕಿರಿದಿದ್ದರು. "ಇದು ಬ್ಯಾಡ" ಎಂದಳು. ಎರಡನೆಯದೂ ಹಾಗೇ. ಮೂರನೆಯದನ್ನೂ ಬಿಟ್ಟಾಗ ನನಗೆ ರೇಗಿತು, ಆದರೆ ಮಾತಾಡಲು ಹೊತ್ತು ಸಿಕ್ಕಿತು.

"ಇದನ್ನೆಲ್ಲ ಎಲ್ಲಿ ಕಲಿತೆ ಅಜ್ಜಿ?" ಎಂದೆ.

ಅವಳು ಮಳೆಯ ಕಡೆ ಮುಖ ತಿರುಗಿಸಿದಳು.

"ಆ ದೊಡ್ಡ ಜ್ವರ ಬಂದಿತ್ತಲ್ಲ, ನಿಮ್ಮಪ್ಪಾರು ಹೇಳ್ತಿದ್ರಲ್ಲ, ಆಗ ನಂದು ಚೊಚ್ಚಲು. ಮೂರು ತಿಂಗಳ ಗಂಡುಕೂಸು. ಗಂಡ ಮಲಗಿದ್ದ. ಅತ್ತಿ ಅಂದ್ಲು, ಮಗನ್ನ ಮಗ್ಗಲಾಗೆ ಮಲಗ್ಸು, ಮುಖ ನೋಡಿದ್ರೆ ಅವಂಗೆ ಹಗುರಾಗ್ತೈತಿ ಅಂತ. ಬ್ಯಾಡ ಅನ್ಬೇಕು ಅನ್ನಿಸ್ತು. ಸೊಸಿ ಹೆಂಗ ಅಂತಾಳ? ಮಲಗಿಸಿದೆ. ಗಂಡ ಎದ್ದ. ಕೂಸು ಏಳ್ಲಿಲ್ಲ."

ನಾನು ಒದ್ದೆಯಾಗುತ್ತಿದ್ದ ಅವಳ ಗಂಟನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ.

"ಅತ್ತಿ ಕೆಟ್ಟಾಕಿ ಅಲ್ಲ ಬಸಣ್ಣ. ಆಕಿಗೂ ಗೊತ್ತಿರ್ಲಿಲ್ಲ. ಯಾರನ್ನ ಬೈಲಿ? ಅದಕ್ಕೆ ಬೈಸಿಕೊಳ್ಳೋದು ಕಲ್ತೆ. ಬಾಗ್ಲು ಹಾಕಿದ್ರೆ ಮಂದಿ ಬೈತಾರ. ಬೈಲಿ."

ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ನಾಲ್ಕನೇ ಬಸ್ಸು ಅರ್ಧ ಖಾಲಿ ಬಂತು. ಮಳೆಯೂ ಸಣ್ಣಗಾಗಿತ್ತು. ಕಿಟಕಿಯ ಪಕ್ಕ ಕೂರಿಸಿದೆ. ಮರುವರ್ಷ ಸಂತೆಯಲ್ಲಿ ಸಿಕ್ಕ ಅವಳ ಅಳಿಯ, ಅಜ್ಜಿ ಸುಗ್ಗಿಯ ದಿನಗಳಲ್ಲಿ ಮಲಗಿದವಳು ಹಾಗೇ ಹೋದಳೆಂದು ಹೇಳಿದ.

ಈಗ ನಿಮಗೆ ಒಂದೆರಡು ಮಾತು. ಬಿಟ್ಟಿಯಾಗಿ ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಗಂಟಲು ಕೆರೆದರೆ ಅವತ್ತೇ ಅವರ ಹಾಸಿಗೆ ಬೇರೆ ಮಾಡಿ. ನಾಳೆ ನೋಡೋಣ ಎಂದರೆ ನಾಳೆ ನೋಡಲು ಇನ್ನೊಬ್ಬರು ಮಲಗಿರುತ್ತಾರೆ. ಹೋದ ವರ್ಷವೇ ಬಂದು ಹೋಗಿದೆ ಎಂದು ಎದೆ ಉಬ್ಬಿಸಬೇಡಿ. ನೋಡಲು ಚೆನ್ನಾಗಿರುವ ನೆಂಟರೂ ಜ್ವರದ ಮನೆಯಲ್ಲಿ ಎರಡು ದಿನ ಇದ್ದವರಾದರೆ ಕೂಸಿನ ಹತ್ತಿರ ಬಿಡಬೇಡಿ. ಅವರು ಮುನಿಸಿಕೊಳ್ಳುತ್ತಾರೆ, ಮೂರು ವಾರದಲ್ಲಿ ಸರಿಹೋಗುತ್ತಾರೆ. ಕೊನೆಯದಾಗಿ, ಕೂಸಿನ ಕೋಣೆಯ ಬಾಗಿಲು ಹಾಕುವ ಕೆಲಸವನ್ನು ಸೊಸೆಯ ತಲೆಗೆ ಕಟ್ಟಬೇಡಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರೇ ಎದ್ದು ಹೋಗಿ ಹಾಕಬೇಕು. ಅವಳು ಬಾಯಿ ಬಿಟ್ಟು ಕೇಳಲಿ ಎಂದು ಕಾಯಬೇಡಿ.